ಫೈರಿಷ್ ಗುಡ್ಡದ ಮೇಲೆ ನಾಗಪಟ್ಟಣಂನ ಬಾಗಿಲು

ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡು ಸೀಮೆಯಲ್ಲಿ, ಇನ್ವರ್ನೆಸ್ ನಗರದಿಂದ ಮೂವತ್ತು ಕಿಲೋಮೀಟರ್‌ಗಿಂತ ತುಸು ಆಚೆ, ಆಲ್ನೆಸ್ ಎಂಬ ಪುಟ್ಟ ಪಟ್ಟಣವಿದೆ. ಕೆಲವೇ ಸಾವಿರ ಜನ, ಬೇಸಿಗೆಯಲ್ಲಿ ಹೂಕುಂಡಗಳಿಂದ ತುಂಬುವ ಒಂದು ಪೇಟೆಬೀದಿ, ಒಂದು ರೈಲು ನಿಲ್ದಾಣ, ಊರ ನಡುವೆ ಹರಿಯುವ ನದಿ, ಮುಂದೆ ಕ್ರೋಮಾರ್ಟಿ ಎಂಬ ಉದ್ದನೆಯ ಕೊಲ್ಲಿ. ಕೊಲ್ಲಿಯ ನೀರಿನಲ್ಲಿ ದುರಸ್ತಿಗೆ ಬಂದು ನಿಂತ ತೈಲಬಾವಿಯ ದೈತ್ಯ ಅಟ್ಟಣೆಗಳು ಕಾಣಿಸುತ್ತವೆ.

ಇಲ್ಲಿಗೆ ಬರುವ ಪ್ರವಾಸಿಗರಿಗೆ ಮಾಡಲು ಕೆಲಸ ಬೇಕಾದಷ್ಟಿದೆ. ಪಕ್ಕದ ಈವಂಟನ್ ಊರಿನ ಹಿಂದೆ ಕಾಡಿನೊಳಗೆ ಬ್ಲ್ಯಾಕ್ ರಾಕ್ ಎಂಬ ಕಮರಿಯಿದೆ. ಗ್ಲಾಸ್ ಎಂಬ ಸಣ್ಣ ನದಿ ಬಂಡೆಯನ್ನು ಕೊರೆದು ಮಾಡಿದ ಈ ಸೀಳು ಕೆಲವೆಡೆ 36 ಮೀಟರಿನಷ್ಟು ಆಳ. ಅಗಲವಾದರೋ ಕೆಲವು ಕಡೆ ಎದುರು ದಡ ಕೈಗೆ ಸಿಕ್ಕೀತೇನೋ ಎಂಬಷ್ಟು ಕಿರಿದು. ಹ್ಯಾರಿ ಪಾಟರ್ ಚಿತ್ರಮಾಲಿಕೆಯ ಒಂದು ಚಿತ್ರದ ದೃಶ್ಯಗಳನ್ನು ಇಲ್ಲಿ ತೆಗೆದ ಮೇಲೆ ಮಕ್ಕಳ ದಂಡೂ ಬರತೊಡಗಿತು. ಗಟ್ಟಿ ಕಾಲಿನವರಿಗೆ 1,046 ಮೀಟರ್ ಎತ್ತರದ ಬೆನ್ ವಿವಿಸ್ ಪರ್ವತವಿದೆ. ನದಿಯಲ್ಲಿ ಸಾಲ್ಮನ್ ಮೀನಿಗೆ ಗಾಳ ಹಾಕುವವರಿದ್ದಾರೆ.

ಆದರೆ ಸುತ್ತಲಿನ ಊರುಗಳ ಗುರುತಾಗಿ ನಿಂತಿರುವುದು 453 ಮೀಟರ್ ಎತ್ತರದ ಫೈರಿಷ್ ಗುಡ್ಡ. ಪೈನ್ ಕಾಡಿನ ನಡುವೆ ಏರುವ ಕಾಲುಹಾದಿಯಲ್ಲಿ ಹೋಗಿ ಬರಲು ಆರೂವರೆ ಕಿಲೋಮೀಟರಿನಷ್ಟು ನಡೆಯಬೇಕು. ಎರಡೂವರೆ, ಮೂರು ಗಂಟೆ ಸಾಕು. ಮರಗಳು ಮುಗಿದು ಬಯಲು ತೆರೆದುಕೊಂಡಾಗ ಶಿಖರದಲ್ಲಿ ಸಾಲು ಕಮಾನುಗಳ ಒಂದು ಕಲ್ಲಿನ ಕಟ್ಟಡ ಎದುರಾಗುತ್ತದೆ. ಅದಕ್ಕೆ ಮಾಡಿಲ್ಲ, ಕೋಣೆಯಿಲ್ಲ, ಹಿಂದೆ ಕೋಟೆಯೂ ಇಲ್ಲ. ಬರೀ ಬಾಗಿಲು. ಆ ಬಾಗಿಲು ನಮ್ಮ ಕಡೆಯದು. ತಮಿಳುನಾಡಿನ ಕಡಲತೀರದ ನಾಗಪಟ್ಟಣಂನ ಕೋಟೆಬಾಗಿಲನ್ನು ಹೋಲುವಂತೆ 1782ರ ಸುಮಾರಿಗೆ ಅದನ್ನು ಕಟ್ಟಿಸಲಾಯಿತು.

ಕಟ್ಟಿಸಿದವನು ನೋವಾರ್ ಎಸ್ಟೇಟಿನ ಒಡೆಯ, ಈಸ್ಟ್ ಇಂಡಿಯಾ ಕಂಪೆನಿಯ ಸೇನಾನಿ ಸರ್ ಹೆಕ್ಟರ್ ಮನ್ರೋ. ಮನ್ರೋ ಎಂದೊಡನೆ ಕನ್ನಡಿಗರಿಗೆ, ಅದರಲ್ಲೂ ಕರಾವಳಿಯವರಿಗೆ, ಟಿಪ್ಪುವಿನ ಪತನದ ನಂತರ ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ನೆನಪಾಗುತ್ತಾನೆ. ಅವನು ಗ್ಲಾಸ್ಗೋದವನು, ಇವನು ಬೇರೆ. ಆದರೆ ನಮ್ಮ ಚರಿತ್ರೆಯಲ್ಲಿ ಹೆಕ್ಟರನ ಪಾಲೂ ಸಣ್ಣದಲ್ಲ.

ಬಕ್ಸಾರ್‌ನಿಂದ ನಾಗಪಟ್ಟಣಂಗೆ

ಹೆಕ್ಟರ್ ಮನ್ರೋ ಹುಟ್ಟಿದ್ದು 1726ರಲ್ಲಿ. 1764ರಲ್ಲಿ ಬಂಗಾಳದ ಸೈನ್ಯದ ಅಧಿಪತ್ಯ ಅವನ ಕೈಗೆ ಬಂದಾಗ ಸಿಪಾಯಿಗಳು ಸಂಬಳ-ಭತ್ಯೆಯ ವಿಷಯದಲ್ಲಿ ಕುದಿಯುತ್ತಿದ್ದರು. ಅವನು ಇಪ್ಪತ್ತನಾಲ್ಕು ಮಂದಿಗೆ ಮರಣದಂಡನೆ ಕೊಡಿಸಿದ. ತೋಪಿನ ಬಾಯಿಗೆ ಕಟ್ಟಿ ಉಡಾಯಿಸುವ ಆ ಶಿಕ್ಷೆಯನ್ನು ಉಳಿದ ಸಿಪಾಯಿಗಳು ಸಾಲಾಗಿ ನಿಂತು ನೋಡಬೇಕಾಯಿತು. ಹೀಗೆ 'ಶಿಸ್ತು' ಕಲಿಸಿದ ಸೈನ್ಯದೊಂದಿಗೆ ಅದೇ ವರ್ಷ ಅಕ್ಟೋಬರ್ 23ರಂದು ಬಕ್ಸಾರ್‌ನಲ್ಲಿ ಅವನು ಮೂವರನ್ನು ಒಟ್ಟಿಗೆ ಸೋಲಿಸಿದ: ಬಂಗಾಳದ ಪದಚ್ಯುತ ನವಾಬ ಮೀರ್ ಖಾಸಿಂ, ಅವಧದ ನವಾಬ ಶುಜಾಉದ್ದೌಲ ಮತ್ತು ಮೊಘಲ್ ದೊರೆ ಎರಡನೇ ಶಾ ಆಲಂ. ಮರುವರ್ಷ ಬಂಗಾಳ, ಬಿಹಾರ, ಒರಿಸ್ಸಾಗಳ ಕಂದಾಯ ವಸೂಲಿಯ ಹಕ್ಕು ಕಂಪೆನಿಗೆ ದಕ್ಕಿತು. ಪ್ಲಾಸಿಗಿಂತ ಬಕ್ಸಾರ್ ದೊಡ್ಡ ತಿರುವು ಎಂದು ಇತಿಹಾಸಕಾರರು ಹೇಳುವುದು ಈ ಕಾರಣಕ್ಕೆ.

ಊರಿಗೆ ಮರಳಿದ ಮನ್ರೋ ಭಾರತದಲ್ಲಿ ಗಳಿಸಿದ ಹಣವನ್ನು ನೋವಾರ್ ಎಸ್ಟೇಟಿಗೆ ಸುರಿದ. 1768ರಿಂದ 1802ರವರೆಗೆ ಬ್ರಿಟಿಷ್ ಸಂಸತ್ತಿನ ಸದಸ್ಯನೂ ಆಗಿದ್ದ. ಮತ್ತೆ ಭಾರತಕ್ಕೆ ಬಂದು 1778ರಲ್ಲಿ ಫ್ರೆಂಚರಿಂದ ಪಾಂಡಿಚೇರಿಯನ್ನು ಕಿತ್ತುಕೊಂಡ. ಆಮೇಲೆ ಅವನು ಎದುರಿಸಬೇಕಾಗಿ ಬಂದದ್ದು ಹೈದರ್ ಅಲಿಯನ್ನು.

1780ರಲ್ಲಿ ಹೈದರ್ ಕರ್ನಾಟಿಕ್ ಸೀಮೆಗೆ ಇಳಿದಾಗ ಮನ್ರೋ ಮುಖ್ಯ ಸೈನ್ಯದೊಂದಿಗೆ ಕಾಂಚೀಪುರದಲ್ಲಿದ್ದ. ಅವನನ್ನು ಕೂಡಿಕೊಳ್ಳಲು ಉತ್ತರದಿಂದ ಕರ್ನಲ್ ವಿಲಿಯಂ ಬೇಲಿಯ ತುಕಡಿ ಬರುತ್ತಿತ್ತು. ಸೆಪ್ಟೆಂಬರ್ 10ರಂದು, ಮನ್ರೋನ ಶಿಬಿರಕ್ಕೆ ಕೆಲವೇ ಮೈಲಿಗಳಿರುವಾಗ, ಪೊಳ್ಳಿಲೂರಿನಲ್ಲಿ ಟಿಪ್ಪು ಮತ್ತು ಹೈದರ್ ಆ ತುಕಡಿಯನ್ನು ಸುತ್ತುವರಿದು ಧೂಳೀಪಟ ಮಾಡಿದರು. ಮೈಸೂರಿನ ರಾಕೆಟ್ಟುಗಳೂ ತೋಪುಗಳೂ ಮಳೆಗರೆಯುತ್ತಿದ್ದಾಗ ಬೇಲಿಯ ಮದ್ದಿನ ಬಂಡಿಗಳು ಸ್ಫೋಟಗೊಂಡವು. ಮನ್ರೋ ಸಕಾಲಕ್ಕೆ ನೆರವಿಗೆ ಹೋಗಲಿಲ್ಲ. ಮರುದಿನ ಭಾರದ ತೋಪುಗಳನ್ನು ಕಾಂಚೀಪುರದ ಕೆರೆಗೆ ನೂಕಿ ಮದರಾಸಿನ ಕಡೆ ಹಿಮ್ಮೆಟ್ಟಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕುಳಿತ ಗಾಯಾಳು ಬೇಲಿಯ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಆ ಚಿತ್ರದಲ್ಲಿರುವುದು ಇದೇ ಯುದ್ಧ.

ಈ ಕಳಂಕವನ್ನು ತೊಳೆದುಕೊಳ್ಳಲು ಮನ್ರೋನಿಗೆ ಮರುವರ್ಷ ಅವಕಾಶ ಸಿಕ್ಕಿತು. ಹೈದರನೊಂದಿಗೆ ಕೈಜೋಡಿಸಿದ್ದ ಡಚ್ಚರ ನಾಗಪಟ್ಟಣಂ ಕೋಟೆಗೆ ಅವನು ನೆಲದ ಕಡೆಯಿಂದ, ಅಡ್ಮಿರಲ್ ಹ್ಯೂಸ್ ಕಡಲ ಕಡೆಯಿಂದ ಮುತ್ತಿಗೆ ಹಾಕಿದರು. ಕೋಟೆಯೊಳಗೆ ಡಚ್ಚರ ಜತೆ ಮೈಸೂರಿನ ಸೈನಿಕರೂ ಇದ್ದರು. 1781ರ ನವೆಂಬರಿನಲ್ಲಿ ಕೋಟೆ ಬಿತ್ತು. ಫೈರಿಷ್ ಗುಡ್ಡದ ಬಾಗಿಲು ಆ ಗೆಲುವಿನ ನೆನಪು. ಪೊಳ್ಳಿಲೂರಿನ ನೆನಪಿಗೆ ಆ ಗುಡ್ಡದ ಮೇಲೆ ಯಾವ ಕಲ್ಲೂ ಇಲ್ಲ.

ಕಲ್ಲು ಉರುಳಿಸಿದ ಕತೆ

ಈ ಕಟ್ಟಡದ ಬಗ್ಗೆ ಊರವರು ಹೇಳುವ ಕತೆ ಸ್ವಾರಸ್ಯಕರವಾಗಿದೆ. ಜನ ಹಸಿವಿನಲ್ಲಿದ್ದರಂತೆ. ಪುಕ್ಕಟೆ ಕೊಟ್ಟರೆ ಅವರ ಸ್ವಾಭಿಮಾನಕ್ಕೆ ಕುಂದು. ಆದ್ದರಿಂದ ಮನ್ರೋ ಕೂಲಿ ಕೊಟ್ಟು ಈ ಕೆಲಸ ಮಾಡಿಸಿದನಂತೆ. ಅಷ್ಟೇ ಅಲ್ಲ, ಕಷ್ಟಪಟ್ಟು ಮೇಲಕ್ಕೆ ಸಾಗಿಸಿದ ಕಲ್ಲುಗಳನ್ನು ತಾನೇ ಕೆಳಕ್ಕೆ ಉರುಳಿಸಿಬಿಡುತ್ತಿದ್ದನಂತೆ. ಅವನ್ನು ಮತ್ತೆ ಹೊತ್ತು ತರಬೇಕು, ಕೂಲಿಯ ದಿನಗಳು ಹೆಚ್ಚಬೇಕು ಎಂಬುದು ಉದ್ದೇಶ.

ಇದನ್ನು ಓದುವಾಗ ನಮಗೆ ಲಕ್ನೋ ನೆನಪಾಗದೆ ಇರದು. 1784ರಲ್ಲಿ ಅವಧದಲ್ಲಿ ಭೀಕರ ಬರಗಾಲ. ನವಾಬ ಆಸಫುದ್ದೌಲ ಜನರಿಗೆ ಕೂಲಿ ಸಿಗಲೆಂದು ಬಡಾ ಇಮಾಂಬಾರ ಕಟ್ಟಿಸಲು ಹೊರಟ. ಹಗಲು ಸಾಮಾನ್ಯ ಕೂಲಿಗಳು ಕಟ್ಟಿದ್ದನ್ನು ರಾತ್ರಿ ಕೆಡವಲಾಗುತ್ತಿತ್ತು, ಬರದಿಂದ ಬಸವಳಿದ ಮನೆತನಸ್ಥರು ಮುಖ ಮರೆಸಿಕೊಂಡು ರಾತ್ರಿಯ ಆ ಕೆಲಸಕ್ಕೆ ಬರುತ್ತಿದ್ದರು ಎಂಬುದು ಲಕ್ನೋದ ದಂತಕತೆ. ದೇವರು ಕೊಡದವನಿಗೂ ಆಸಫುದ್ದೌಲ ಕೊಡುತ್ತಾನೆ ಎಂಬ ನಾಣ್ಣುಡಿಯೇ ಅಲ್ಲಿ ಹುಟ್ಟಿಕೊಂಡಿತು. ಸಾವಿರಾರು ಮೈಲಿ ಅಂತರದ ಎರಡು ಊರುಗಳು, ಎರಡು ವರ್ಷಗಳ ಅಂತರ, ಒಂದೇ ಕತೆ!

ಇನ್ನೂ ಅಚ್ಚರಿಯ ಸಂಗತಿಯೆಂದರೆ ಆಸಫುದ್ದೌಲ ಬಕ್ಸಾರ್‌ನಲ್ಲಿ ಸೋತ ಶುಜಾಉದ್ದೌಲನ ಮಗ. ಸೋಲಿಸಿದವನು ಇದೇ ಹೆಕ್ಟರ್ ಮನ್ರೋ. ಆ ಸೋಲಿನ ನಂತರ ಅವಧದ ಬೊಕ್ಕಸದಿಂದ ಕಂಪೆನಿಯ ಸೈನ್ಯದ ಖರ್ಚಿಗೆಂದು ಹಣ ಹರಿದುಹೋಗುತ್ತಲೇ ಇತ್ತು. ಹೀಗಾಗಿ ಎರಡು ಕತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ: ಫೈರಿಷ್ ಗುಡ್ಡದಲ್ಲಿ ಹಂಚಿದ ಕೂಲಿ ಯಾರ ದುಡಿಮೆಯದು?

ಮನ್ರೋ ಕಲ್ಲು ಉರುಳಿಸಿದ್ದು ನಿಜವೋ ಸುಳ್ಳೋ, ಅದು ದಾಖಲೆಗಿಂತ ಹೆಚ್ಚಾಗಿ ಬಾಯಿಮಾತಿನಲ್ಲಿ ಉಳಿದ ಕತೆ. ಆದರೆ ಹಸಿವು ಮಾತ್ರ ಸುಳ್ಳಲ್ಲ. 1782ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಬೆಳೆ ಕೈಕೊಟ್ಟಿತ್ತು. ಮರುವರ್ಷ ಸರಕಾರ ಕಳುಹಿಸಿದ ಬಟಾಣಿ ಹಿಟ್ಟನ್ನು ತಿಂದು ಜನ ಜೀವ ಹಿಡಿದರು. ಅಂಥ ಹೊತ್ತಿನಲ್ಲಿ ಕೂಲಿ ಕೊಟ್ಟವನನ್ನು ಜನ ನೆನೆಯುವುದು ಸಹಜ. ಆ ಕೃತಜ್ಞತೆಯನ್ನು ನಾವು ಹಗುರವಾಗಿ ಕಾಣಬಾರದು.

ಆದರೆ ಪ್ರವಾಸಿ ಬರಹಗಳಲ್ಲಿ ಇದೇ ಕತೆ ಇನ್ನೊಂದು ರೂಪದಲ್ಲಿ ಬರುತ್ತದೆ. 'ಒಕ್ಕಲೆಬ್ಬಿಸುವಿಕೆಯಿಂದ ಬೀದಿಗೆ ಬಿದ್ದ ಜನರಿಗೆ ಮನ್ರೋ ಕೆಲಸ ಕೊಟ್ಟ' ಎಂದು ಅವು ಹೇಳುತ್ತವೆ. ಇಲ್ಲಿ ನಾವು ತುಸು ನಿಂತು ವಿಚಾರಿಸಬೇಕಾಗುತ್ತದೆ. ಒಕ್ಕಲೆಬ್ಬಿಸಿದ್ದು ಯಾರು?

1792

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಸ್ಕಾಟ್ಲೆಂಡಿನ ಭೂಮಾಲಕರಿಗೆ ಹೊಸ ಲೆಕ್ಕವೊಂದು ಹೊಳೆದಿತ್ತು. ತಲೆಮಾರುಗಳಿಂದ ದನ ಸಾಕಿಕೊಂಡು, ಓಟ್ಸ್ ಬೆಳೆದುಕೊಂಡು ಬಂದ ಗೇಣಿ ಒಕ್ಕಲುಗಳಿಗಿಂತ ದಕ್ಷಿಣದಿಂದ ಬಂದ ದೊಡ್ಡ ಜಾತಿಯ ಕುರಿ ಹೆಚ್ಚು ಲಾಭ ತರುತ್ತಿತ್ತು. ಕುರಿಹಿಂಡಿನ ಒಡೆಯರು ಹಲವು ಪಟ್ಟು ಗೇಣಿ ಕೊಡಲು ಸಿದ್ಧರಿದ್ದರು. ಹಾಗಾಗಿ ಕಣಿವೆಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಮನೆ ಕಳೆದುಕೊಂಡವರು ಕಡಲ ದಂಡೆಗೆ, ಗ್ಲಾಸ್ಗೋದ ಕಾರ್ಖಾನೆಗಳಿಗೆ, ಅಮೆರಿಕ-ಕೆನಡಾಗಳಿಗೆ ಚದುರಿದರು. ಅವರಾಡುತ್ತಿದ್ದ ಗೇಲಿಕ್ ಭಾಷೆಯೂ ಅವರೊಂದಿಗೇ ಆ ಕಣಿವೆಗಳಿಂದ ಹೊರಟುಹೋಯಿತು.

ಆಲ್ನೆಸ್‌ನ ಮೇಲ್ಭಾಗದ ಕಿಲ್ಡರ್ಮೋರಿ ಎಂಬ ಹುಲ್ಲುಗಾವಲು ಹೆಕ್ಟರ್ ಮನ್ರೋನಿಗೆ ಸೇರಿದ್ದು. ಅದನ್ನು ಅವನು ಕ್ಯಾಮರನ್ ಸಹೋದರರೆಂಬ ಕುರಿ ಸಾಕಣೆದಾರರಿಗೆ ಗುತ್ತಿಗೆಗೆ ಕೊಟ್ಟ. ಪಕ್ಕದ ಸ್ಟ್ರಾತ್‌ರಸ್‌ಡೇಲ್ ಕಣಿವೆಯ ರೈತರ ದನಗಳು ರೂಢಿಯಂತೆ ಅತ್ತ ಹೋದಾಗ ಕ್ಯಾಮರನ್ನರು ಹಿಡಿದು ದೊಡ್ಡಿಗೆ ಹಾಕಿದರು, ದಂಡ ಕೇಳಿದರು. 1792ರ ಬೇಸಿಗೆಯಲ್ಲಿ ರೈತರು ಗುಂಪಾಗಿ ಹೋಗಿ ದನಗಳನ್ನು ಬಿಡಿಸಿಕೊಂಡು ಬಂದರು. ಆ ಧೈರ್ಯ ಇಡೀ ಸೀಮೆಗೆ ಹಬ್ಬಿತು. ಕುರಿಗಳನ್ನೇ ಗಡಿಯಾಚೆ ಅಟ್ಟಿಬಿಡೋಣ ಎಂದು ಜನ ತೀರ್ಮಾನಿಸಿದರು. ಸಾವಿರಾರು ಕುರಿಗಳ ಹಿಂಡನ್ನು ಹೊಡೆದುಕೊಂಡು ಅವರು ಫೈರಿಷ್ ಗುಡ್ಡದ ಹಿಂದಿನ ಬೋತ್ ಎಂಬಲ್ಲಿಗೆ ಬಂದಾಗ ಸೈನ್ಯ ಬಂದಿತು. ಜನ ಕತ್ತಲಲ್ಲಿ ಚದುರಿದರು. ಸಿಕ್ಕಿದವರನ್ನು ಇನ್ವರ್ನೆಸ್‌ನಲ್ಲಿ ವಿಚಾರಣೆಗೆ ಗುರಿಪಡಿಸಲಾಯಿತು. ಇಬ್ಬರಿಗೆ ಏಳು ವರ್ಷಗಳ ಗಡೀಪಾರು ವಿಧಿಸಿದರು. ಆದರೆ ಆ ಇಬ್ಬರೂ ಸೆರೆಮನೆಯಿಂದ ತಪ್ಪಿಸಿಕೊಂಡರು, ಮತ್ತೆ ಕೈಗೆ ಸಿಗಲಿಲ್ಲ. ಅವರನ್ನು ಹಿಡಿದುಕೊಡಲು ಊರವರಿಗೆ ಮನಸ್ಸಿರಲಿಲ್ಲವೆಂದು ಊಹಿಸಬಹುದು. ಗೇಲಿಕ್ ಮಾತಿನಲ್ಲಿ ಇಂದಿಗೂ ಅದಕ್ಕೆ 'ಕುರಿಗಳ ವರ್ಷ' ಎಂದೇ ಹೆಸರು.

ಗಮನಿಸಬೇಕಾದ ಅಂಶವೆಂದರೆ, ದಂಗೆಯನ್ನು ಅಡಗಿಸಲು ಬಂದದ್ದು ಬ್ಲ್ಯಾಕ್ ವಾಚ್ ಎಂದು ಹೆಸರಾದ ಗುಡ್ಡಗಾಡು ರೆಜಿಮೆಂಟು. ಅಂದರೆ ಅದೇ ಸೀಮೆಯ ಬಡವರ ಮಕ್ಕಳು.

ಅದೇ 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದಿತ್ತು. ಮಾರ್ಚಿನಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪಕ್ಕೆ ಬೇಟೆಗೆ ಹೋಗಿದ್ದ ಹೆಕ್ಟರ್ ಮನ್ರೋನ ಎಳೆಯ ಮಗ ಹ್ಯೂ ಹುಲಿಯ ಬಾಯಿಗೆ ಸಿಕ್ಕಿ ಸತ್ತ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ 'ಟಿಪ್ಪುವಿನ ಹುಲಿ'ಗೆ, ಅಂದರೆ ಯುರೋಪಿಯನ್ ಸೈನಿಕನ ಮೇಲೆರಗಿ ಗುರುಗುಟ್ಟುವ ಆ ಮರದ ಯಂತ್ರಕ್ಕೆ, ಈ ಘಟನೆಯೇ ಸ್ಫೂರ್ತಿ ಎಂದು ಹಲವರು ಬರೆದಿದ್ದಾರೆ. ಇದನ್ನು ನೇರವಾಗಿ ಸಾಬೀತುಪಡಿಸುವ ದಾಖಲೆಯಿಲ್ಲ. ಹುಲಿ ಆ ಮೊದಲೇ ಟಿಪ್ಪುವಿನ ಲಾಂಛನವಾಗಿತ್ತು. ವೈರಿಯ ಮನೆಯ ಸಾವಿನಲ್ಲಿ ಸಂತೋಷ ಕಾಣುವ ಅಗತ್ಯ ನಮಗಂತೂ ಇಲ್ಲ. ಮಗನನ್ನು ಕಳೆದುಕೊಂಡ ತಂದೆಯ ಸಂಕಟ ಎಲ್ಲ ದೇಶಗಳಲ್ಲೂ ಒಂದೇ.

ಸಿಪಾಯಿಗಳು ಎಲ್ಲಿಯವರು?

ಪೊಳ್ಳಿಲೂರಿನಲ್ಲಿ ಸತ್ತ, ಸೆರೆಸಿಕ್ಕ ಯುರೋಪಿಯನ್ ಸೈನಿಕರಲ್ಲಿ ಹಲವರು 73ನೇ ರೆಜಿಮೆಂಟಿನವರು. ಈ ರೆಜಿಮೆಂಟನ್ನು ಕಟ್ಟಿದ್ದು ಲಾರ್ಡ್ ಮ್ಯಾಕ್‌ಲಿಯಡ್. ಅವನ ಮನೆತನ ಇದೇ ಕ್ರೋಮಾರ್ಟಿ ಕೊಲ್ಲಿಯ ದಂಡೆಯದು. ತಂದೆ 1745ರಲ್ಲಿ ದೊರೆಯ ವಿರುದ್ಧ ಬಂಡೆದ್ದು ಎಸ್ಟೇಟನ್ನು ಕಳೆದುಕೊಂಡಿದ್ದ. ಮಗ ಸಾವಿರಕ್ಕೂ ಹೆಚ್ಚು ಜನರನ್ನು ಸೈನ್ಯಕ್ಕೆ ಸೇರಿಸಿಕೊಟ್ಟು ದೊರೆಯ ಕೃಪೆ ಸಂಪಾದಿಸಿದ. 1784ರಲ್ಲಿ ಎಸ್ಟೇಟು ಮರಳಿ ಬಂತು. ಆದರೆ ಅವನ ಹೆಸರಿನಲ್ಲಿ ಮದರಾಸಿಗೆ ಹಡಗು ಹತ್ತಿದ ಹುಡುಗರೆಲ್ಲ ಮರಳಲಿಲ್ಲ.

ಸ್ವತಃ ಕರ್ನಲ್ ಬೇಲಿ ಇನ್ವರ್ನೆಸ್ ಬಳಿಯ ಡುನೇನ್ ಮನೆತನದವನು. ಅವನು 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಅವನ ಹೆಸರಿನಲ್ಲಿ ಕರೆಯುವ ಬಂದೀಖಾನೆಯನ್ನು ಶಾಲಾ ಪ್ರವಾಸದಲ್ಲಿ ನೋಡದ ಕನ್ನಡದ ಮಕ್ಕಳು ಕಡಿಮೆ. ಗುಂಬಜ್‌ನ ಹತ್ತಿರ ಅವನ ಸ್ಮಾರಕವಿದೆ. 1816ರಲ್ಲಿ ಅದನ್ನು ಕಟ್ಟಿಸಿದವನು ಅವನ ಸಂಬಂಧಿ, ಲಕ್ನೋದಲ್ಲಿ ಕಂಪೆನಿಯ ರೆಸಿಡೆಂಟನಾಗಿದ್ದ ಜಾನ್ ಬೇಲಿ. ಹೈದರ್, ಟಿಪ್ಪು ಮಲಗಿರುವ ನೆಲದಲ್ಲೇ ಅವರ ಕೈದಿಯ ಸ್ಮಾರಕವೂ ಇನ್ನೂರು ವರ್ಷಗಳಿಂದ ಕೆಡದೆ ನಿಂತಿದೆ ಎಂಬುದು ನೆನಪಿಡಬೇಕಾದ ಮಾತು.

ಆ ಸೆರೆವಾಸ ಕಠಿಣವಾಗಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಸಂಕೋಲೆಯಲ್ಲಿ, ಗಾಯದಿಂದ, ಕಾಯಿಲೆಯಿಂದ ಹಲವರು ಸತ್ತರು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆಯಾದವರಲ್ಲಿ ಡೇವಿಡ್ ಬೇರ್ಡ್ ಎಂಬ 73ನೇ ರೆಜಿಮೆಂಟಿನ ಕ್ಯಾಪ್ಟನ್ ಒಬ್ಬ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಸೈನ್ಯದ ಮುಂದೆ ಇದ್ದವನು ಅವನೇ. ಸ್ಕಾಟ್ಲೆಂಡಿನ ಕ್ರೀಫ್ ಎಂಬ ಇನ್ನೊಂದು ಸಣ್ಣ ಪಟ್ಟಣದ ಬಳಿ, ಗುಡ್ಡವೊಂದರ ಮೇಲೆ, ಅವನ ವಿಧವೆ ನಿಲ್ಲಿಸಿದ ಕಲ್ಲಿನ ಸ್ತಂಭವಿದೆ. ಹೀಗೆ ಆ ದೇಶದ ಪ್ರವಾಸಿ ಗುಡ್ಡಗಳ ಮೇಲೆ ನಮ್ಮ ಊರುಗಳ ಚರಿತ್ರೆ ಅಲ್ಲಲ್ಲಿ ಬಿದ್ದುಕೊಂಡಿದೆ.

ಕಾಣುವ ಕಲ್ಲು, ಕಾಣದ ಹಣ

ಹೊರನಾಡಿನ ಸಂಪತ್ತು ಆಲ್ನೆಸ್ ಸುತ್ತ ಇನ್ನೂ ಹಲವು ರೂಪದಲ್ಲಿ ಕಾಣಿಸುತ್ತದೆ. ಪ್ರವಾಸಿಗರು ಮುಗಿಬೀಳುವ ಇಲ್ಲಿನ ಪ್ರಸಿದ್ಧ ಮದ್ಯದ ಭಟ್ಟಿಯೊಂದನ್ನು 1839ರಲ್ಲಿ ಸ್ಥಾಪಿಸಿದವನು ಅಲೆಕ್ಸಾಂಡರ್ ಮ್ಯಾಥೆಸನ್. ಅವನ ಹಣ ಬಂದದ್ದು ಚೀನಾ ವ್ಯಾಪಾರದಿಂದ, ಮುಖ್ಯವಾಗಿ ಅಫೀಮಿನಿಂದ. ಆ ಅಫೀಮನ್ನು ಬೆಳೆದದ್ದು ಭಾರತದ ರೈತರು, ಸೇದಿ ಹಾಳಾದದ್ದು ಚೀನಾದ ಬಡವರು. ಬಕ್ಸಾರ್‌ನ ಗೆಲುವು ಕಂಪೆನಿಗೆ ಬಿಹಾರದ ಹೊಲಗಳನ್ನು ದೊರಕಿಸಿಕೊಡದಿದ್ದರೆ ಈ ವ್ಯಾಪಾರ ಅಷ್ಟು ದೊಡ್ಡದಾಗಿ ಬೆಳೆಯುತ್ತಿರಲಿಲ್ಲ.

ಇದನ್ನೆಲ್ಲ ಹೇಳುವುದು ಇಂದಿನ ಆಲ್ನೆಸ್‌ನ ಜನರನ್ನು ದೂರಲು ಅಲ್ಲ. ಅವರಲ್ಲಿ ಎಷ್ಟೋ ಮಂದಿ ಒಕ್ಕಲೆಬ್ಬಿಸಿದವರ ಮೊಮ್ಮಕ್ಕಳಲ್ಲ, ಒಕ್ಕಲೆದ್ದವರ ಮೊಮ್ಮಕ್ಕಳು. ಕಲ್ಲು ಹೊತ್ತವರ ವಂಶದವರು. ನಮ್ಮಲ್ಲಿ ಬ್ರಿಟಿಷರೆಂದರೆ ಎಲ್ಲರನ್ನೂ ಒಂದೇ ಗೋಣಿಗೆ ತುಂಬುವ ರೂಢಿಯಿದೆ. ಆದರೆ ಕಾಂಚೀಪುರದ ಬಯಲಿನಲ್ಲಿ ಸತ್ತ ಗೇಲಿಕ್ ಮಾತಿನ ಹುಡುಗನಿಗೂ, ತೋಪಿನ ಬಾಯಿಗೆ ಕಟ್ಟಲ್ಪಟ್ಟ ಬಂಗಾಳ ಸೈನ್ಯದ ಸಿಪಾಯಿಗೂ ಹೊಟ್ಟೆಪಾಡೇ ದಾರಿ ತೋರಿಸಿತ್ತು. ಇಬ್ಬರ ಹೆಸರೂ ಯಾವ ಬಾಗಿಲಿನ ಮೇಲೂ ಇಲ್ಲ. ಟಿಪ್ಪುವನ್ನು ಕುರಿತ ನಮ್ಮ ಇಂದಿನ ವಾಗ್ವಾದಗಳಲ್ಲೂ ಇದೇ ಕೊರತೆ ಕಾಣುತ್ತದೆ. ದೊರೆ ವೀರನೋ ಕ್ರೂರಿಯೋ ಎಂದು ಕಚ್ಚಾಡುತ್ತೇವೆ. ಅವನ ಸೈನ್ಯದಲ್ಲಿ ದುಡಿದ ಬೇಡರು, ರಾವುತರು, ಎತ್ತಿನ ಬಂಡಿ ಹೊಡೆದವರು, ಕೋಟೆಗೆ ಮಣ್ಣು ಹೊತ್ತವರು ಯಾರ ಮಾತಿನಲ್ಲೂ ಬರುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ ಈ ಚರಿತ್ರೆ ಸತ್ತ ಚರಿತ್ರೆಯಲ್ಲ. ಬೆರಳೆಣಿಕೆಯ ಒಡೆಯರ ಕೈಯಲ್ಲಿ ಅಷ್ಟೊಂದು ಭೂಮಿ ಏಕಿದೆ ಎಂಬ ಪ್ರಶ್ನೆ ಅಲ್ಲಿ ಇಂದಿಗೂ ರಾಜಕೀಯದ ಪ್ರಶ್ನೆ. 2003ರಲ್ಲಿ ಅಲ್ಲಿನ ಸಂಸತ್ತು ಭೂ ಸುಧಾರಣಾ ಕಾಯಿದೆಯೊಂದನ್ನು ತಂದಿತು. ಅದರ ಪ್ರಕಾರ, ಬೆಳೆಗೂ ಜಾನುವಾರುಗಳಿಗೂ ಇತರರ ನೆಮ್ಮದಿಗೂ ತೊಂದರೆ ಮಾಡದೆ, ಖಾಸಗಿ ಎಸ್ಟೇಟುಗಳ ಗುಡ್ಡ, ಕಾಡು, ಹುಲ್ಲುಗಾವಲುಗಳಲ್ಲೂ ಯಾರು ಬೇಕಾದರೂ ನಡೆದಾಡಬಹುದು. ಗ್ರಾಮೀಣ ಸಮುದಾಯಗಳು ಕೂಡಿಕೊಂಡು ಭೂಮಿ ಕೊಳ್ಳಲೂ ಅದು ದಾರಿ ಮಾಡಿಕೊಟ್ಟಿತು. 1792ರಲ್ಲಿ ದನವನ್ನು ಅತ್ತ ಬಿಟ್ಟದ್ದಕ್ಕೆ ದಂಡ ತೆರಬೇಕಾಗಿದ್ದ ಸೀಮೆಯಲ್ಲಿ ಇಂದು ದೂರದೇಶದ ಪ್ರವಾಸಿಗೂ ಕಾಲಿಡುವ ಹಕ್ಕಿದೆ. ಇದು ಸಣ್ಣ ಬದಲಾವಣೆಯಲ್ಲ.

ಕೆಲಸಕ್ಕೋ ಓದಿಗೋ ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮವರು ಈಗ ಬೇಕಾದಷ್ಟಿದ್ದಾರೆ. ರಜೆಯಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕೆ ಹೋಗುವವರು ಫೈರಿಷ್ ಗುಡ್ಡವನ್ನು ಅವಶ್ಯ ಏರಲಿ. ಕಮಾನಿನ ಕೆಳಗೆ ನಿಂತು ಕೊಲ್ಲಿಯ ನೋಟವನ್ನು ಸವಿಯಲಿ, ಬಳಿಕ ಹಿಂದಕ್ಕೆ ತಿರುಗಿ ಬೋತ್ ಕಡೆಯ ಬಯಲನ್ನೂ ನೋಡಲಿ. ಮಕ್ಕಳು ಜತೆಗಿದ್ದರೆ ನಾಗಪಟ್ಟಣಂ ಎಲ್ಲಿದೆ, ಪೊಳ್ಳಿಲೂರಿನಲ್ಲಿ ಏನಾಯಿತು, ಕುರಿ ಅಟ್ಟಿದ ರೈತರು ಯಾರು ಎಂಬುದನ್ನು ಹೇಳಿಕೊಡಲಿ. ಇತ್ತ ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಕರೆದೊಯ್ಯುವ ನಮ್ಮ ಶಿಕ್ಷಕರು ಬೇಲಿಯ ಬಂದೀಖಾನೆಯ ಮುಂದೆ ನಿಂತಾಗ, ಅಲ್ಲಿ ಸೆರೆಯಿದ್ದವರ ಊರಿನಲ್ಲೂ ಆ ಕಾಲಕ್ಕೆ ಬಡವರ ಮನೆಯ ಸೂರು ಕೀಳಲಾಗುತ್ತಿತ್ತು ಎಂದು ಒಂದು ಮಾತು ಸೇರಿಸಿದರೆ ಸಾಕು. ಮಕ್ಕಳು ಮುಂದಿನದನ್ನು ತಾವೇ ಕೇಳುತ್ತಾರೆ.